ಆದದ್ದೆಷ್ಟು, ಉಳಿದದ್ದೆಷ್ಟು?

ನಮ್ಮ ಬೇಲಿಯಾಚೆ ಮನೆಯ ದೊಡ್ಡವ್ವನನ್ನು ಮಕ್ಕಳೆಷ್ಟು ಅಂತ ಕೇಳಿ ನೋಡಿ, ಒಂದೇ ಲೆಕ್ಕ ಹೇಳಿ ಮುಗಿಸುವವಳಲ್ಲ. "ಆದದ್ದು ಒಂಬತ್ತು, ಉಳಿದದ್ದು ಐದು" ಅನ್ನುತ್ತಾಳೆ. ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಕೈ ಅವರೆಕಾಯಿ ಸುಲಿಯುವುದನ್ನೂ ಬಿಡುವುದಿಲ್ಲ. ಸೊಸೆಯನ್ನು ಕೇಳಿದರೆ "ಇಬ್ಬರು" ಅಂತ ಮಾತು ಮುಗಿಸುತ್ತಾಳೆ. ಮೊಮ್ಮಗಳು ಬೆಂಗಳೂರಲ್ಲಿದ್ದಾಳೆ, ಮದುವೆಯಾಗಿ ನಾಲ್ಕು ವರ್ಷ ಆಯ್ತು. ಅವಳನ್ನು ಕೇಳುವ ಧೈರ್ಯ ಮಾತ್ರ ನಮ್ಮ ಬೀದಿಯಲ್ಲಿ ಯಾರಿಗೂ ಬಂದಿಲ್ಲ. ಹೋದ ಹಬ್ಬಕ್ಕೆ ಬಂದಾಗ ದೊಡ್ಡವ್ವನೇ ಸುತ್ತಿ ಬಳಸಿ "ಏನಾದ್ರೂ ವಿಶೇಷ ಐತಾ?" ಅಂದಳಂತೆ. "ಪ್ರಮೋಷನ್ ಆಯ್ತಜ್ಜಿ" ಅಂದಳಂತೆ ಅವಳು!

ಜನಗಣತಿಯವರ ಫಾರಂನಲ್ಲೂ ಇದಕ್ಕೆ ಎರಡು ಪ್ರಶ್ನೆ ಇವೆ, ಗಮನಿಸಿದ್ದೀರಾ? ಇದುವರೆಗೆ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು ಅಂತ. ಗಣತಿಗೆ ಹೋಗಿದ್ದ ನಮ್ಮ ಪರಿಚಯದ ಮೇಷ್ಟ್ರೊಬ್ಬರು ಹೇಳುತ್ತಿದ್ದರು, ವಯಸ್ಸಾದ ಹೆಂಗಸರು ಕೇಳುವ ಮೊದಲೇ ಎರಡಕ್ಕೂ ಉತ್ತರ ಕೊಟ್ಟುಬಿಡುತ್ತಾರಂತೆ. ಈಗಿನ ಸೊಸೆಯಂದಿರಿಗೆ ಎರಡನೇ ಪ್ರಶ್ನೆ ಕೇಳಿದರೆ ಮುಖ ಕೆಂಪಾಗುತ್ತದಂತೆ. "ಇದೇನ್ ಸಾರ್, ಒಳ್ಳೆ ಹೊತ್ತಲ್ಲಿ ಇಂಥ ಮಾತು?" ಅಂತ ಬಾಗಿಲಲ್ಲೇ ಜಗಳ. ಪ್ರಶ್ನೆ ಬರೆದವರು ದಿಲ್ಲಿಯವರು, ಬೈಸಿಕೊಂಡವರು ನಮ್ಮ ಮೇಷ್ಟ್ರು. ಲೋಕ ಇರುವುದೇ ಹೀಗೆ, ಅಲ್ವಾ?

ನಿಮಗೆ ಗೊತ್ತಿಲ್ಲದ್ದೇನಲ್ಲ ಇದು. ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಎರಡು ಗೆರೆಯ ಒಂದು ಚಿತ್ರ ಇರುತ್ತಿತ್ತಲ್ಲ, ಹುಟ್ಟಿನದೊಂದು, ಸಾವಿನದೊಂದು. ಮೊದಮೊದಲು ಎರಡೂ ಅಟ್ಟದ ಮೇಲೆ. ಆಮೇಲೆ ಸಾವಿನ ಗೆರೆ ಕೆಳಗಿಳಿಯುತ್ತೆ, ಹುಟ್ಟಿನ ಗೆರೆ ಮಾತ್ರ ಬುದ್ಧಿ ಬರದವರ ಹಾಗೆ ಮೇಲೇ ಕೂತಿರುತ್ತೆ. ಒಂದಷ್ಟು ಕಾಲ ಕಳೆದ ಮೇಲೆ ಅದೂ ಇಳಿದು ಬರುತ್ತೆ. ಪಂಡಿತರು ಇದಕ್ಕೆ ಜನಸಂಖ್ಯಾ ಪರಿವರ್ತನೆ ಅಂತ ಭಾರದ ಹೆಸರಿಟ್ಟಿದ್ದಾರೆ. ನಮ್ಮ ಕಡೂರು ಸೀಮೆಯವರಿಗಾದರೆ ಮದಗದ ಕೆರೆ ತೋರಿಸಿದರೆ ಸಾಕು. ಮಳೆ ನೀರು ಬರುತ್ತಲೇ ಇದೆ, ಯಾರೋ ಪುಣ್ಯಾತ್ಮ ಹೋಗಿ ತೂಬು ಮುಚ್ಚಿದ. ಕೆರೆ ತುಂಬದೆ ಇನ್ನೇನಾದೀತು? ಆಮೇಲೆ ಮಳೆಯೂ ಕಡಿಮೆಯಾಯ್ತು ಅನ್ನಿ. ತೂಬು ಮುಚ್ಚಿದ್ದಕ್ಕೂ ಮಳೆ ಕಡಿಮೆಯಾದದ್ದಕ್ಕೂ ನಡುವೆ ಹುಟ್ಟಿದವರು ನಾವು. ಶಾಲೆಯಲ್ಲಿ ಬೆಂಚು ಸಾಲದೆ ನೆಲದ ಮೇಲೆ ಕೂತವರು, ಬೀರೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು.

ನಮ್ಮೂರು ಅಂತರಘಟ್ಟೆ ಅಂದರೆ ಹೊರಗಿನವರಿಗೆ ನೆನಪಾಗುವುದು ಅಮ್ಮನ ಜಾತ್ರೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವರು ನಮ್ಮಮ್ಮ ಅಂತಲೇ ಬರುತ್ತಾರೆ. ಪಾನಕದ ಗಾಡಿ ಕಟ್ಟಿ ಎತ್ತು ಹೊಡೆದುಕೊಂಡು ಬರುವ ಆ ಓಟ ನೋಡಿದವರು ಮರೆಯುವ ಹಾಗಿಲ್ಲ. ನಮ್ಮಪ್ಪ ಒಂದು ಸಲ ಗಾಡಿಯ ಹಿಂದೆ ಕೂತಿದ್ದ ನನ್ನನ್ನು ದಾರಿಯಲ್ಲೇ ಬೀಳಿಸಿಕೊಂಡು ಹೋಗಿ, ಗುಡಿ ಮುಂದೆ ಹೋದ ಮೇಲೆ ತಲೆ ಎಣಿಸಿ ನೋಡಿದರಂತೆ. ಆಗಿನ ಮನೆಗಳಲ್ಲಿ ಒಂದು ತಲೆ ಕಡಿಮೆಯಾದರೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಿತ್ತು! ಅದಿರಲಿ, ನಾನು ಹೇಳಹೊರಟದ್ದು ಹರಕೆಯ ವಿಷಯ. ಹಳಬರು ಅಮ್ಮನ ಮುಂದೆ ನಿಂತು ಕೇಳುತ್ತಿದ್ದದ್ದು ಮಕ್ಕಳಾಗಲಿ ಅಂತ ಅಷ್ಟೇ ಅಲ್ಲ. ಆಗುವುದು ಹೇಗೂ ಆಗುತ್ತಿತ್ತು. "ಆಗಿರೋದು ಉಳ್ಕೊಳ್ಳಲಿ ತಾಯಿ" ಅನ್ನುವುದೇ ದೊಡ್ಡ ಹರಕೆ.

ಉಳಿಸಿಕೊಳ್ಳಲು ಏನೇನು ಉಪಾಯ ಮಾಡುತ್ತಿದ್ದರು ಅಂತೀರಿ! ಹಿಂದಿನ ಎರಡು ಮೂರು ಹೋಗಿದ್ದರೆ, ಮುಂದಿನದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬರುವುದು, ಇನ್ನೊಬ್ಬಾಕೆ ಯಾರದ್ದೋ ಮಗು ಸಿಕ್ಕಿತು ಅನ್ನುವ ಹಾಗೆ ಎತ್ತಿಕೊಂಡು ಬರುವುದು. ಗಂಡುಮಗುವಿಗೆ ಮೂಗು ಚುಚ್ಚುವುದು. ಇಷ್ಟು ಕೀಳಾಗಿ ಕಂಡರೆ ಜವರಾಯನಿಗೂ ಬೇಡವಾದೀತು ಅನ್ನುವ ಲೆಕ್ಕ. ಈ ಕಡೆ ಊರುಗಳ ಹಳೇ ಮತದಾರರ ಪಟ್ಟಿ ತೆಗೆದು ನೋಡಿ, ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ, ಗುಂಡಮ್ಮ ಸಾಲುಸಾಲು ಸಿಗುತ್ತಾರೆ. ಎಲ್ಲರೂ ತಿಪ್ಪೆಯಿಂದ ಎದ್ದು ಬಂದವರೇ ಅಂತಲ್ಲ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಒಕ್ಕಲೂ ಬಹಳ. ಈಗಿನ ಅಂಗನವಾಡಿ ಪುಸ್ತಕದಲ್ಲಿ ಅಂಥ ಹೆಸರು ಒಂದೂ ಇಲ್ಲ. ಎಲ್ಲ ಆದ್ಯ, ಆರ್ಯ, ವಿಹಾನ್. ಜವರಾಯನ ಮೇಲಿನ ಭಯ ಕಡಿಮೆಯಾಯ್ತು, ಟಿವಿ ಧಾರಾವಾಹಿಯ ಮೇಲಿನ ಪ್ರೀತಿ ಹೆಚ್ಚಾಯ್ತು, ಅಷ್ಟೆ.

ಭಯ ಸುಮ್ಮನೆ ಇರಲಿಲ್ಲ ಬಿಡಿ. 1876ರಿಂದ ಎರಡು ಮೂರು ವರ್ಷ ಬಿದ್ದ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆ ಅರ್ಧಕ್ಕರ್ಧ ಬೆಂಡಾಯಿತು. 1871ರ ಗಣತಿಯಲ್ಲಿ 50 ಲಕ್ಷ ಚಿಲ್ಲರೆ ಇದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದರು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಜಾಗದಲ್ಲಿ ಎಂಟು ಲಕ್ಷ ಕಡಿಮೆ! ಅದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ 1898ರಲ್ಲಿ ಪ್ಲೇಗು. ಹುಬ್ಬಳ್ಳಿ ಕಡೆಯಿಂದ ರೈಲು ದಾರಿ ಹಿಡಿದು ಬೆಂಗಳೂರು ಮುಟ್ಟಿತಂತೆ. ಆ ರೈಲು ದಾರಿ ಇದೇ ನಮ್ಮ ಅಜ್ಜಂಪುರ, ಬೀರೂರಿನ ಮೇಲೆ ಹಾದದ್ದು. ಇಲಿ ಬಿತ್ತು ಅಂದರೆ ಊರೇ ಖಾಲಿ, ಹೊಲದಲ್ಲಿ ಗುಡಿಸಲು. ನಮ್ಮಜ್ಜಿ ತಾನು ಹುಟ್ಟಿದ್ದು "ಗುಡಿಸ್ಲಾಗೆ" ಅನ್ನುತ್ತಿದ್ದಳು. ಬಡತನಕ್ಕೆ ಹೇಳುತ್ತಾಳೆ ಅಂತ ನಾವು ಮರುಗಿದರೆ, "ಥೂ, ನಮ್ದು ತೊಟ್ಟಿ ಮನೆ ಕಣ್ರೋ, ಅದು ಪ್ಲೇಗಿನ ಗುಡಿಸ್ಲು" ಅಂತ ಬೈಯುತ್ತಿದ್ದಳು. ತೊಟ್ಟಿ ಮನೆಯ ಮಾನ ಮುಖ್ಯ ನೋಡಿ. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಅದೂ ಮನೆಮನೆಗೆ ನುಗ್ಗಿತು. ಇಡೀ ಇಂಡಿಯಾದಲ್ಲೇ 1911ರಿಂದ 1921ರವರೆಗಿನ ದಶಕದಲ್ಲಿ ಜನಸಂಖ್ಯೆ ಕಡಿಮೆಯಾಯ್ತು. ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 48 ಹುಟ್ಟು, ಹತ್ತಿರಹತ್ತಿರ ಅಷ್ಟೇ ಸಾವು.

ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತಲೇ ಹೆಸರು, ಚಿಕ್ಕಮಗಳೂರು ಅಂತ ಆದದ್ದು 1947ರ ಹೊತ್ತಿಗೆ. ಈ ಕಡೂರು ಜಿಲ್ಲೆಯದು ಒಂದು ತಮಾಷೆ, ತಮಾಷೆ ಅನ್ನಬಾರದು, ಆದರೂ. 1901ರಲ್ಲಿ ಮೂರೂವರೆ ಲಕ್ಷದ ಮೇಲೆ ಸ್ವಲ್ಪ ಇದ್ದ ಜನ, 1941ರಲ್ಲೂ ಅಲ್ಲೇ! ನಲವತ್ತು ವರ್ಷ ಹೆಂಗಸರು ಹೆತ್ತೂ ಹೆತ್ತೂ ಸುಸ್ತಾದರು, ಊರು ಇದ್ದಲ್ಲೇ ನಿಂತಿತ್ತು. ಕಾರಣ ಮಲೆನಾಡಿನ ಜ್ವರ, ಅಂದರೆ ಮಲೇರಿಯಾ. ಅಂತರಘಟ್ಟೆ ಬಯಲುಸೀಮೆ, ನಮಗೆ ಬರ, ಅವರಿಗೆ ಜ್ವರ. ಪಶ್ಚಿಮಕ್ಕೆ ಹೋದಷ್ಟೂ ಗುಲ್ಮ ಊದಿದ ಹೊಟ್ಟೆ, ಬಿಳಿಚಿದ ಮುಖ. ಜನ ಕರಗುವುದನ್ನು ನೋಡಿಯೇ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸರ್ಕಾರ ಮಲೆನಾಡು ಸುಧಾರಣೆಗೆ ಕೈ ಹಾಕಿದ್ದು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡುತ್ತಿರಲಿಲ್ಲ. ಅಡಿಕೆ ತೋಟ ಎಷ್ಟು ಎಕರೆ ಇದ್ದರೂ ಸರಿ, "ಜ್ವರದ ಸೀಮೆಗೆ ಮಗಳನ್ನ ದೂಡ್ತೀಯಾ?" ಅಂತ ತಾಯಂದಿರು ಊಟ ಬಿಟ್ಟು ಕೂರುತ್ತಿದ್ದರಂತೆ. ಈಗ ಆ ಅಡಿಕೆಯೇ ಅಜ್ಜಂಪುರದ ತನಕ ಬಂದು ಕೂತಿದೆ, ಹೆಣ್ಣು ಕೊಡುವವರು ಆಗಲೂ ಇಲ್ಲ, ಈಗಲೂ ಇಲ್ಲ. ಆ ಮಾತಿಗೆ ಆಮೇಲೆ ಬರೋಣ.

ಜ್ವರದ ಜಾಡು ಹಿಡಿಯಲು 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು ಮೈಸೂರು ಸರ್ಕಾರದ ಜೊತೆ ಸೇರಿ ಕೆಲಸಕ್ಕಿಳಿದರು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೂ ಒಂದು ಕೇಂದ್ರ ಇತ್ತು. ಗೆದ್ದದ್ದು ಮಾತ್ರ ಡಿಡಿಟಿ ಬಂದ ಮೇಲೆ. ಡಿಡಿಟಿ ಹೊಡೆಯುವವರು ಬರುತ್ತಿದ್ದದ್ದು ನಿಮಗೂ ನೆನಪಿರಬೇಕು. ಹೆಗಲಿಗೆ ಪಂಪು, ಖಾಕಿ ಅಂಗಿ, ಬಾಗಿಲ ಪಕ್ಕ ತಾರೀಖು ಬರೆದು ಹೋಗುವುದು. ಅಡುಗೆ ಮನೆಗೂ ದೇವರ ಮನೆಗೂ ಬಿಡುತ್ತಿರಲಿಲ್ಲ ನಮ್ಮಜ್ಜಿ. ಸೊಳ್ಳೆಗಳಿಗೆ ಅಷ್ಟು ಜಾಗ ಸಾಕಲ್ಲ! ಆದರೆ ತಿಗಣೆ ಸಾಯುತ್ತವೆ ಅಂತ ಸುದ್ದಿ ಹಬ್ಬಿದ ಮೇಲೆ ತಾನೇ ಮಂಚ ಎಳೆದು ಹೊರಗೆ ಹಾಕಿ, "ಇದಕ್ಕೂ ಸ್ವಲ್ಪ ಹೊಡೀರಪ್ಪ" ಅಂತ ಮಜ್ಜಿಗೆ ಕೊಟ್ಟು ಉಪಚಾರ. ಮಲೇರಿಯಾ ಓಡಿಸಿದವರು ಅಂತ ಆ ಖಾಕಿ ಅಂಗಿಯವರನ್ನು ಯಾರೂ ನೆನೆಯುವುದಿಲ್ಲ, ತಿಗಣೆ ಓಡಿಸಿದವರು ಅಂತ ನೆನೆಯುತ್ತಾರೆ. ಅಂತೂ 1961ರ ಗಣತಿಗೆ ಜಿಲ್ಲೆಯ ಜನ ಆರು ಲಕ್ಷದ ಹತ್ತಿರ. ಭದ್ರಾ ಅಣೆಕಟ್ಟೆ, ಕಾಫಿ ತೋಟ ಅಂತ ಹೊರಗಿನಿಂದ ಬಂದವರೂ ಅದರಲ್ಲಿ ಬಹಳ ಜನ, ನಿಜ. ಆದರೂ ನಲವತ್ತು ವರ್ಷ ಅಲ್ಲಾಡದೆ ಕೂತಿದ್ದ ಜಿಲ್ಲೆ ಇಪ್ಪತ್ತೇ ವರ್ಷದಲ್ಲಿ ಹಾಗೆ ಉಬ್ಬಿತು. 1981ಕ್ಕೆ ಒಂಬತ್ತು ಲಕ್ಷ ದಾಟಿತು.

ಸರ್ಕಾರಕ್ಕೆ ತಲೆನೋವು ಶುರುವಾದದ್ದು ಇಲ್ಲಿಂದ ಅಂತ ನಾವಂದುಕೊಂಡಿದ್ದೇವೆ, ಆದರೆ ನಮ್ಮ ಮೈಸೂರಿನವರು ಅದಕ್ಕೂ ಮುಂಚೆ ಯೋಚನೆ ಮಾಡಿದ್ದರು. 1930ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ಹೀಗೆ ತೆರೆದದ್ದು ಪ್ರಪಂಚದಲ್ಲೇ ಮೊದಲು ಅನ್ನುತ್ತಾರೆ. ಅರಮನೆಯ ದಸರಾ ಬಗ್ಗೆ ಅಷ್ಟೊಂದು ಹೇಳುವ ನಾವು ಇದನ್ನು ಹೇಳುವುದೇ ಇಲ್ಲ. ನಾಚಿಕೆ ಇರಬೇಕು.

ರಾಮನಗರದ ಮಣಿ ಸರದ ಕಥೆ ಕೇಳಿದ್ದೀರಾ? ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್, ಗಾಂಧೀಜಿಯ ಶಿಷ್ಯೆ. ಔಷಧಿ, ಸಾಧನ ಯಾವುದೂ ಬೇಡ, ಸಂಯಮವೇ ಸಾಕು ಅನ್ನುವವರು. ಸರಿ, ವಿಶ್ವ ಆರೋಗ್ಯ ಸಂಸ್ಥೆಯಿಂದ ಅಬ್ರಹಾಂ ಸ್ಟೋನ್ ಅನ್ನುವ ಅಮೆರಿಕದ ವೈದ್ಯರು ಬಂದರು. ದಿಲ್ಲಿಯ ಲೋಧಿ ಕಾಲೊನಿ ಒಂದು ಕಡೆ, ನಮ್ಮ ರಾಮನಗರ ಇನ್ನೊಂದು ಕಡೆ, ಪ್ರಯೋಗ. ಹೆಂಗಸರಿಗೆ ಒಂದೊಂದು ಮಣಿ ಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಮಣಿ ಬಂದರೆ ಗಂಡ ಜಗಲಿಯಲ್ಲಿ ಮಲಗಬೇಕು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ, ಅಲ್ವಾ?

ಆಮೇಲಿನದ್ದೆಲ್ಲ ಬಾಯಿಂದ ಬಾಯಿಗೆ ಬಂದ ಕಥೆ, ಉಪ್ಪು ಖಾರ ಬೆರೆತಿರಬಹುದು. ಕತ್ತಲಲ್ಲಿ ಹಸಿರು ಯಾವುದು ಕೆಂಪು ಯಾವುದು ಗೊತ್ತಾಗಲಿಲ್ಲವಂತೆ, ಸೀಮೆಎಣ್ಣೆ ಬುಡ್ಡಿಯ ಕಾಲ. ಅದಕ್ಕೆ ಒಂದನ್ನು ದುಂಡಗೆ, ಇನ್ನೊಂದನ್ನು ಚೌಕವಾಗಿ ಮಾಡಿಸಿದರಂತೆ, ಕೈಯಲ್ಲಿ ಮುಟ್ಟಿ ನೋಡಲಿ ಅಂತ. ಗಂಡಸರಿಗೆ ಅವಸರವಾದಾಗ ನಾಲ್ಕು ಮಣಿ ಒಟ್ಟಿಗೆ ಸರಿಸಿ "ಇವತ್ತು ಹಸಿರೇ" ಅಂದರಂತೆ. ಇನ್ನು ಕೆಲವರು ಸರದಲ್ಲೇ ಮಹಿಮೆ ಇದೆ ಅಂದುಕೊಂಡು ಕೊರಳಿಗೆ ಹಾಕಿಕೊಂಡು ನಿಶ್ಚಿಂತೆಯಾಗಿ ಇದ್ದುಬಿಟ್ಟರಂತೆ. ತಾಯಿತ ಕಟ್ಟಿ ಅಭ್ಯಾಸ ಇದ್ದವರು ಮತ್ತೇನು ಮಾಡಿಯಾರು! ಇಪ್ಪತ್ತು ವರ್ಷ ಕಳೆದು ಅದೇ ರಾಮನಗರದ ಬಂಡೆಗಳ ಮೇಲೆ ‘ಶೋಲೆ’ ಸಿನಿಮಾ ತೆಗೆದರು. ನನ್ನನ್ನು ಕೇಳಿದರೆ ಮಣಿ ಸರದ ಕಥೆಯೇ ಇನ್ನೂ ಚೆನ್ನಾಗಿರೋ ಸಿನಿಮಾ ಆಗುತ್ತಿತ್ತು.

ಅದೇ ಹೊತ್ತಿಗೆ, 1951-52ರಲ್ಲಿ, ವಿಶ್ವಸಂಸ್ಥೆಯವರು ಮೈಸೂರಿನ ಜನಸಂಖ್ಯೆಯ ಅಧ್ಯಯನ ಅಂತ ಬೆಂಗಳೂರು, ಬಯಲುಸೀಮೆ, ಮಲೆನಾಡು ಎಲ್ಲ ಸುತ್ತಿ ಮನೆಮನೆಗೆ ಹೋಗಿ ಕೇಳಿದ್ದರು. ವರದಿ ಬಂದದ್ದು 1961ಕ್ಕೆ. ಇಷ್ಟು ಮಕ್ಕಳು ಸಾಕು ಅನ್ನುವವರು ಬೇಕಾದಷ್ಟು ಸಿಕ್ಕರು, ಸಾಕು ಅಂದ ಮೇಲೆ ಏನು ಮಾಡಬೇಕು ಅಂತ ಗೊತ್ತಿದ್ದವರು ಬಹಳ ಕಡಿಮೆ. ಇದನ್ನು ಕಂಡುಹಿಡಿಯಲು ನ್ಯೂಯಾರ್ಕಿನಿಂದ ಬರಬೇಕಿತ್ತೇ? ದೊಡ್ಡವ್ವನನ್ನು ಕೇಳಿದ್ದರೆ ಬೇಲಿ ಹತ್ತಿರವೇ ಹೇಳುತ್ತಿದ್ದಳು. ಏಳನೆಯದು ಹೊಟ್ಟೆಯಲ್ಲಿದ್ದಾಗ ಬಾವಿಕಟ್ಟೆ ಮೇಲೆ ಕೂತು ಅತ್ತಿದ್ದಳಂತೆ ಅವಳು. ಅತ್ತೆ ಬಂದು, "ಅಳಬೇಡ, ಎಲ್ಲಾ ಉಳಿಯಾಕಿಲ್ಲ ಬಿಡು" ಅಂದಳಂತೆ. ಸಮಾಧಾನ ಹೇಳಿದ ರೀತಿ ನೋಡಿ! ಆಗ ಅದೇ ಸಮಾಧಾನ.

ಆಮೇಲೆ ಬಂತು ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಬಸ್ಸಿನ ಹಿಂದೆ, ಪಂಚಾಯ್ತಿ ಗೋಡೆಗೆ, ನಮ್ಮ ಲೆಕ್ಕದ ಪುಸ್ತಕದ ಕೊನೆಯ ರಟ್ಟಿಗೆ. ನಾವಿಬ್ಬರು ನಮಗಿಬ್ಬರು. ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ. ಆರು ಮಕ್ಕಳ ಮನೆಯ ಗೋಡೆಯ ಮೇಲೇ ಇದನ್ನು ಬರೆದು ಹೋಗುತ್ತಿದ್ದರು, ಏಕೆಂದರೆ ಆ ಮನೆಯ ಗೋಡೆಯೇ ಉದ್ದ ಇರುತ್ತಿತ್ತು. ಮದುವೆಯಲ್ಲಿ ಪುರೋಹಿತರು ಅಷ್ಟಪುತ್ರವತಿಯಾಗು ಅಂತ ಹರಸುವುದು, ಹೊರಗೆ ಬಂದರೆ ಛತ್ರದ ಗೋಡೆಯಲ್ಲಿ ತ್ರಿಕೋನ. ಎರಡನ್ನೂ ಯಾರೂ ಅಳಿಸಲಿಲ್ಲ. ಪುರೋಹಿತರು ಈಗಲೂ ಎಂಟಕ್ಕಿಂತ ಕೆಳಗೆ ಇಳಿದಿಲ್ಲ.

1976ರ ತುರ್ತುಪರಿಸ್ಥಿತಿಯಲ್ಲಿ ಉತ್ತರದ ಕಡೆ ಗಂಡಸರನ್ನು ಹಿಡಿಹಿಡಿದು ಆಪರೇಷನ್ ಮಾಡಿಸಿದರು. ಹೆಂಗಸರದೂ ಸೇರಿ ಒಂದೇ ವರ್ಷದಲ್ಲಿ ದೇಶದಲ್ಲಿ ಆಪರೇಷನ್ ಲೆಕ್ಕ 80 ಲಕ್ಷ ದಾಟಿತು. ಆ ಸಿಟ್ಟು 1977ರ ಚುನಾವಣೆಯಲ್ಲಿ ಇಂದಿರಾಗಾಂಧಿಯವರ ಮೇಲೆ ತಿರುಗಿತು. ಸೋತವರು ಮರುವರ್ಷ ಎಲ್ಲಿಗೆ ಬಂದರು? ನಮ್ಮ ಚಿಕ್ಕಮಗಳೂರಿಗೆ! 1978ರ ಉಪಚುನಾವಣೆಯಲ್ಲಿ ಗೆದ್ದೂ ಬಿಟ್ಟರು. ನಮ್ಮ ಕಡೆ ಗಂಡಸರಿಗೆ ಆ ಬಾಧೆ ಅಷ್ಟು ತಟ್ಟಿರಲಿಲ್ಲ, ಅದೂ ಒಂದು ಕಾರಣ ಇರಬಹುದು ಅಂತ ನಮ್ಮ ಕಟ್ಟೆ ಪಂಡಿತರ ಅಂಬೋಣ. ಅಂದಿನಿಂದ ಇಂದಿನವರೆಗೂ ಗಂಡಸರು ಆ ಕಡೆ ತಲೆ ಹಾಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆರುವ ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರು? ಲೆಕ್ಕಕ್ಕೇ ಸಿಗುವುದಿಲ್ಲ. "ಅವ್ರು ಹೊಲದ ಕೆಲಸ ಮಾಡಬೇಕು, ಭಾರ ಎತ್ತಬೇಕು" ಅಂತ ಹೆಂಡತಿಯರೇ ವಕಾಲತ್ತು. ಭಾರ ಎತ್ತುವುದು ಯಾರು ಅಂತ ಬಾವಿಕಟ್ಟೆ ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತೆ, ಬಿಡಿ.

ಮಕ್ಕಳು ಕಡಿಮೆಯಾದದ್ದು ಗೋಡೆ ಬರಹ ಓದಿ ಅಂತ ಇಲಾಖೆಯವರು ಬೇಕಾದರೆ ನಂಬಲಿ, ನಾನು ನಂಬುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಲ್ಲ, 15,000ಕ್ಕೂ ಮೇಲೆ ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಸ್ವಂತಕ್ಕೆ ಹನ್ನೆರಡು ಹೆತ್ತು ನಾಲ್ಕನ್ನು ಕಳೆದುಕೊಂಡವರು ಅವರು. ಅಂಥ ಪಳಗಿದ ಕೈಯವರ ಮನೆಯಲ್ಲೇ ಹೀಗಾದರೆ ಉಳಿದವರ ಪಾಡೇನು? ನಾಲ್ಕು ಹೋಗಬಹುದು ಅಂತ ಗೊತ್ತಿರುವ ತಾಯಿ ಎರಡಕ್ಕೆ ಹೇಗೆ ನಿಲ್ಲಿಸುತ್ತಾಳೆ ಹೇಳಿ. ಮೊದಲು ಉಳಿಯುತ್ತವೆ ಅನ್ನುವ ಧೈರ್ಯ ಬರಬೇಕು. ಆ ಧೈರ್ಯ ತಂದದ್ದು ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಆಸ್ಪತ್ರೆಯ ನರ್ಸಮ್ಮ. ಬಸುರಿಗೆ ನಂಜಿನ ಸೂಜಿ, ಮಗುವಿಗೆ ದಡಾರದ ಸೂಜಿ, ನಾಲಿಗೆ ಮೇಲೆ ಎರಡು ಹನಿ ಪೋಲಿಯೊ. ಕುಡುಗೋಲಲ್ಲಿ ಹೊಕ್ಕುಳಬಳ್ಳಿ ಕೊಯ್ಯುವುದು ನಿಂತಿತು. 1971ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 95, ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 19. ಇಷ್ಟು ಕಣ್ಣೆದುರು ಕಂಡ ಮೇಲೆ ಹೆಂಗಸರಿಗೆ ತ್ರಿಕೋನ ತೋರಿಸುವ ಅಗತ್ಯ ಇರಲಿಲ್ಲ. ಕ್ಯಾಂಪು ಎಲ್ಲಿ ಅಂತ ಕೇಳಿಕೊಂಡು ತಾವೇ ಬಸ್ಸು ಹತ್ತಿದರು.

ಜೊತೆಗೆ ಇನ್ನೊಂದು, ಮಕ್ಕಳ ಲಾಭ ನಷ್ಟ. ನಾನು ಆರು ವರ್ಷಕ್ಕೇ ಎಮ್ಮೆ ಕಾಯುತ್ತಿದ್ದೆ, ನನ್ನ ಕೂಳು ನಾನು ದುಡಿಯುತ್ತಿದ್ದೆ ಅಂತಲೇ ಲೆಕ್ಕ. ನನ್ನ ಮೊಮ್ಮಗ ಆರು ವರ್ಷಕ್ಕೆ ಅಬಾಕಸ್ ಕ್ಲಾಸಿಗೆ ಹೋಗುತ್ತಾನೆ, ಅದಕ್ಕೆ ಬೇರೆ ಫೀಸು, ಕರೆದೊಯ್ಯುವ ಆಟೋಗೆ ಬೇರೆ. ಎಮ್ಮೆಗೂ ಅಬಾಕಸ್‌ಗೂ ನಡುವೆ ಎಲ್ಲೋ ಜನನ ಪ್ರಮಾಣ ಬಿದ್ದುಹೋಯ್ತು.

ಬಿದ್ದದ್ದೂ ಎಷ್ಟು ಬೇಗ! ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1971ರಲ್ಲಿ 4.4 ಮಕ್ಕಳು, 1992-93ಕ್ಕೆ 2.85, 2005-06ಕ್ಕೆ 2.1, 2019-21ಕ್ಕೆ 1.7. ಗಂಡ ಹೆಂಡತಿ ತಮ್ಮ ಜಾಗಕ್ಕೆ ಇಬ್ಬರನ್ನು ಬಿಟ್ಟು ಹೋಗಲು 2.1 ಬೇಕಂತೆ. ಅಂದರೆ ನಾವು ಐದರಲ್ಲೊಂದು ಪಾಲಿನ ಹತ್ತಿರ ಸಾಲ ಉಳಿಸಿಕೊಂಡಿದ್ದೇವೆ. ಸ್ವೀಡನ್ನಿನವರು 1749ರಿಂದಲೇ ಹುಟ್ಟು ಸಾವು ಬರೆದಿಟ್ಟಿದ್ದಾರೆ, ಚರ್ಚಿನ ಪುಸ್ತಕದಲ್ಲಿ. ಅಲ್ಲಿ ಸಾವಿನ ಗೆರೆ ಇಳಿದು, ಹುಟ್ಟಿನ ಗೆರೆ ಇಳಿದು ಎಲ್ಲ ಸಮಾಧಾನಕ್ಕೆ ಬರಲು ಒಂದು ಶತಮಾನಕ್ಕೂ ಹೆಚ್ಚು ಹಿಡಿಯಿತು. ಮುತ್ತಜ್ಜಿಗೂ ಮರಿಮಗಳಿಗೂ ಮಾತಾಡಲು ಒಂದೇ ವಿಷಯ ಇರುತ್ತಿತ್ತೇನೋ. ನಮ್ಮಲ್ಲಿ ಒಂಬತ್ತು ಹೆತ್ತವಳು, ಎರಡು ಹೆತ್ತವಳು, ಇನ್ನೂ ಯೋಚನೆ ಮಾಡುತ್ತಿರುವವಳು ಮೂರೂ ಜನ ಒಂದೇ ಅಡುಗೆ ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಾರೆ. ಜಗಳ ಆಗದೆ ಇನ್ನೇನು?

ನಮ್ಮ ಜಿಲ್ಲೆಯ ಮಾತಂತೂ ಕೇಳಲೇಬೇಡಿ. 2001ರಲ್ಲಿ 11,40,905 ಜನ. 2011ರಲ್ಲಿ 11,37,961. ಇಡೀ ಕರ್ನಾಟಕ ಶೇ 15.6ರಷ್ಟು ಬೆಳೆದಾಗ, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಉಬ್ಬಿದಾಗ, ರಾಜ್ಯದಲ್ಲಿ ಕರಗಿದ ಜಿಲ್ಲೆ ಇದೊಂದೇ. ಹೋದ ಶತಮಾನದಲ್ಲಿ ಸತ್ತು ಕಡಿಮೆಯಾದೆವು, ಈ ಸಲ ಹುಟ್ಟದೆ ಮತ್ತು ಬಸ್ಸು ಹತ್ತಿ ಕಡಿಮೆಯಾದೆವು. ಕಳೆದುಹೋದ ಆ ಮೂರು ಸಾವಿರ ಜನ ಎಲ್ಲಿ ಅಂತ ಹುಡುಕಬೇಡಿ, ಯುಗಾದಿ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಹೋಗಿ, ಬೀರೂರು, ಕಡೂರು ಅಂತ ಕೂಗುವ ಬಸ್ಸಿನ ಬಾಗಿಲಲ್ಲಿ ಎಲ್ಲರೂ ಇರುತ್ತಾರೆ. ಹೊಸ ಲೆಕ್ಕ ಏನು ಹೇಳುತ್ತದೋ, 2021ಕ್ಕೆ ಆಗಬೇಕಿದ್ದ ಗಣತಿ ಮುಂದೆ ಹೋಗಿ ಹೋಗಿ 2027ಕ್ಕೆ ಬಂದು ನಿಂತಿದೆ.

ಹೆಣ್ಣು ಸಿಗದ ಮಾತಿಗೆ ಬರುತ್ತೇನೆ ಅಂದಿದ್ದೆನಲ್ಲ. ಈ ಊರಲ್ಲಿ ಮೂವತ್ತೈದು ದಾಟಿದ ಗಂಡುಗಳನ್ನು ಎಣಿಸಲು ಎರಡೂ ಕೈ ಬೇಕು. ತೋಟ ಇದೆ, ಬೋರ್‌ವೆಲ್ ಇದೆ, ಟೈಲ್ಸ್ ಹಾಕಿದ ಮನೆ ಇದೆ. "ಹುಡ್ಗ ಬೆಂಗಳೂರಲ್ಲಿ ಇದಾನಾ?" ಅನ್ನುವುದು ಮೊದಲ ಪ್ರಶ್ನೆ. 2023ರಲ್ಲಿ ಮಂಡ್ಯದ ಕಡೆ ಹುಡುಗರು ಹೆಣ್ಣು ಕೊಡಿಸಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಮಾಡಿದ್ದು ಪೇಪರಿನಲ್ಲಿ ಬಂತು. ನಮ್ಮಲ್ಲಿ ಪಾದಯಾತ್ರೆ ಇಲ್ಲ, ಪಾನಕದ ಗಾಡಿ ಇದೆ. ಜಾತ್ರೆಯಲ್ಲಿ ಎತ್ತು ಹೊಡೆಯುವ ಎಷ್ಟೋ ಹುಡುಗರ ಹರಕೆ ಏನಿರುತ್ತದೆ ಅಂತ ಅಮ್ಮನಿಗೇ ಗೊತ್ತು. ಉಳಿಸಿಕೊಡು ಅನ್ನುತ್ತಿದ್ದ ಜಾಗದಲ್ಲಿ ಈಗ ಜೋಡಿ ಮಾಡಿಕೊಡು. ಅಮ್ಮನಿಗೂ ಕೆಲಸ ಬದಲಾಗಿದೆ.

ಇನ್ನು ನಮ್ಮ ಸರ್ಕಲ್ಲಿನ ಫ್ಲೆಕ್ಸುಗಳು. ಅರ್ಧ ರಾಜಕೀಯದವರ ಹುಟ್ಟುಹಬ್ಬ, ಉಳಿದರ್ಧ ಭಾವಪೂರ್ಣ ಶ್ರದ್ಧಾಂಜಲಿ. ನಾಮಕರಣದ ಫ್ಲೆಕ್ಸು ಅಪರೂಪಕ್ಕೊಂದು. ಒಂದು ವಿಚಿತ್ರ ಹೇಳಲೇ? ಜಪಾನಿನಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ 12ಕ್ಕೂ ಹೆಚ್ಚು ಜನ ಸಾಯುತ್ತಾರೆ, ನಮ್ಮ ದೇಶದಲ್ಲಿ 6ರ ಆಸುಪಾಸು. ಹಾಗಂತ ಜಪಾನಿನ ಆಸ್ಪತ್ರೆ ನಮಗಿಂತ ಕಡೆ ಅಂತಲ್ಲ, ಅಲ್ಲಿ ಎಲ್ಲರೂ ಮುದುಕರಾಗುವವರೆಗೆ ಬದುಕಿದ್ದಾರೆ, ಅದಕ್ಕೇ. ಹುಡುಗರೇ ತುಂಬಿದ ಊರಲ್ಲಿ ಸಾವು ಕಡಿಮೆ, ಮುದುಕರೇ ಉಳಿದ ಊರಲ್ಲಿ ತಿಥಿ ಊಟ ಹೆಚ್ಚು. ಆ ಲೆಕ್ಕದಲ್ಲಿ ನಮ್ಮ ಬೀದಿ ಈಗಾಗಲೇ ಜಪಾನು. ಹೋದ ತಿಂಗಳು ಮೂರು ತಿಥಿ, ವಡೆ ತಿಂದು ತಿಂದು ನನಗೆ ಎದೆ ಉರಿ. ಶಾಲೆಯಲ್ಲಿ ಮಾತ್ರ ನಮ್ಮ ಕಾಲದಲ್ಲಿ ಇಲ್ಲದಿದ್ದ ಬೆಂಚುಗಳು ಈಗ ಬೇಕಾದಷ್ಟಿವೆ. ಕೂರಲು ಹುಡುಗರು ಬೇಕಲ್ಲ.

2024ರಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಮಕ್ಕಳನ್ನು ಹೆಚ್ಚು ಮಾಡಿಕೊಳ್ಳಿ ಅಂತ ಕರೆ ಕೊಟ್ಟರಲ್ಲ, ಅದು ನೋಡಿ ಮಜಾ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲುವ ಹಾಗಿಲ್ಲ ಅಂತ ಅಲ್ಲಿ ಮೂವತ್ತು ವರ್ಷದಿಂದ ಕಾನೂನಿತ್ತು, ಅದನ್ನೂ ಅದೇ ವರ್ಷ ತೆಗೆದು ಹಾಕಿದರು. ತಮಿಳುನಾಡಿನ ಸ್ಟಾಲಿನ್ ಒಂದು ಮದುವೆಯಲ್ಲಿ ಹದಿನಾರರ ತನಕ ಹೋದರು, ತಮಾಷೆಗೇ ಇರಲಿ. ಲೋಕಸಭೆಯ ಸೀಟು 1971ರ ಜನಸಂಖ್ಯೆಯ ಮೇಲೆ ನಿಂತಿದೆ, ಹೊಸ ಲೆಕ್ಕ ಹಾಕಿದರೆ ಹೇಳಿದ ಮಾತು ಕೇಳಿ ಮಕ್ಕಳು ಕಡಿಮೆ ಮಾಡಿಕೊಂಡ ದಕ್ಷಿಣದವರಿಗೆ ಪಾಲು ಕಡಿಮೆ ಬರುತ್ತೆ ಅನ್ನುವ ಚಿಂತೆ. ನಮ್ಮ 28 ಸೀಟಿನ ಗತಿಯೂ ಅದೇ. ಚಿಂತೆ ನ್ಯಾಯವಾದದ್ದೇ. ಆದರೆ ಸೀಟು ಉಳಿಸಲು ಬಾಣಂತನ ಮಾಡಿಸಿಕೊಳ್ಳುವವರು ಯಾರು?

ಈ ಸುದ್ದಿಯನ್ನು ದೊಡ್ಡವ್ವನಿಗೆ ಓದಿ ಹೇಳಿದೆ. ಅವರೆಕಾಯಿ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ಕಣಪ್ಪ, ನಂಗೆ ಸಾಕಾಗಿತ್ತಲ್ಲ, ಆವಾಗ ಯಾರೂ ಬಂದು ನಿಲ್ಸವ್ವ ಅನ್ಲಿಲ್ಲ. ನನ್ನ ಸೊಸೆ ತಾನೇ ನಿಲ್ಲಿಸ್ಕೊಂಡು ಬಂದ್ ಮ್ಯಾಲೆ ಗೋಡೆ ಮ್ಯಾಲೆ ಬರೆದ್ರು. ಈಗ ಮೊಮ್ಮಗಳು ಬ್ಯಾಡ ಅಂತ ಕುಂತವ್ಳೆ, ಈಗ ಹಡೀರಿ ಅಂತಾರಾ?"

"ಹೂಂ ದೊಡ್ಡವ್ವ, ಹಂಗೇ ಅಂತಿದಾರೆ."

"ಹಡೆಯಾಕೇನು, ಹಡೀಬೋದು. ಆ ಎಲ್‌ಕೆಜಿ ಫೀಸು ಯಾರು ಕಟ್ತಾರಂತೆ, ಅದನ್ನೂ ಬರ್ದವ್ರಾ ನೋಡು ಪೇಪರಿನಾಗೆ."

ನಾನು ಪುಟ ತಿರುವಿ ನೋಡಿದೆ. ಬರೆದಿರಲಿಲ್ಲ.